ಹಾಲುಹಲ್ಲು ಉಳಿಸಿದ್ದು ಒಬ್ಬಳನ್ನೇ

ನಾನು ಚಿಕ್ಕವಳಿದ್ದಾಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿಗೆ. ನಡುವೆ ಇದ್ದದ್ದು ಒಂದು ಗಡಿಕಲ್ಲು. ಹದಿನಾಲ್ಕು ತುಂಬದ ಹುಡುಗಿಗೆ ಮದುವೆ ಮಾಡಿದರೆ ಜೈಲು ಎಂಬ ಕಾನೂನು ಕಲ್ಲಿನ ಈಚೆಗೆ, ನಮ್ಮ ಕೊಳ್ಳೇಗಾಲದ ಕಡೆಗೆ, ಬಂದಿತ್ತು, ಆಚೆಗೆ ಇರಲಿಲ್ಲ. ಕಾನೂನು ಚಾಪೆ ಕೆಳಗೆ ತೂರಿದರೆ ನಮ್ಮಪ್ಪ ರಂಗೋಲಿ ಕೆಳಗೆ ತೂರುವವರು. ಧನಗೆರೆಯ ನಮ್ಮ ಮನೆ ಮುಂದೆ ಚಪ್ಪರ ಹಾಕಲಿಲ್ಲ, ಗಾಡಿ ಕಟ್ಟಿದರು.

ಅಕ್ಕನಿಗೆ ಹನ್ನೊಂದು, ನನಗೆ ಏಳು. ಯಳಂದೂರಿನ ಕಡೆ ಗಂಡಿನ ಮನೆಯಲ್ಲಿ ಅಣ್ಣತಮ್ಮಂದಿರು ಇಬ್ಬರಿದ್ದರು. ಒಂದೇ ಚಪ್ಪರದಲ್ಲಿ ಎರಡೂ ಮದುವೆ ಮುಗಿಯಲಿ ಎಂದು ದೊಡ್ಡವರು ತೀರ್ಮಾನಿಸಿದ್ದರು. ಹೊರಡುವ ಮುಂಚೆ ಎತ್ತುಗಳಿಗೆ ನೀರು ಬೇಕೇ ಎಂದು ನೋಡಿದ ಅಪ್ಪ, ನಮ್ಮನ್ನು ಏನೂ ಕೇಳಲಿಲ್ಲ. ಹುಲ್ಲು ಹಾಸಿದ ಗಾಡಿಯಲ್ಲಿ ಅರಿಸಿನದ ವಾಸನೆ ಗಮ್ಮೆನ್ನುತ್ತಿತ್ತು. ಅಕ್ಕ ಮಡಿಲಿನ ಹುರಿಗಡಲೆಯನ್ನು ನನಗೆ ಒಂದೊಂದೇ ಕೊಡುತ್ತಿದ್ದಳು. ಗಡಿಕಲ್ಲು ದಾಟಿದಾಗ ಅಪ್ಪ ಗೆದ್ದವರಂತೆ ನಕ್ಕರು. ಆ ನಗು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಗಂಡಿನ ಮನೆಗೆ ಆ ಊರಿನ ಪಟೇಲರು ಬಂದರು. ಎಲೆಯಡಿಕೆ ಹಾಕಿಕೊಂಡು ನಮ್ಮ ವಯಸ್ಸು ಕೇಳಿದರು. ನನಗೆ ಒಂಬತ್ತು ಎಂದು ಅಪ್ಪ ಕಣ್ಣು ಮಿಟುಕಿಸದೆ ಹೇಳಿದರು. ಪಟೇಲರು ಜಾತ್ರೆಯಲ್ಲಿ ಕರು ಕೊಳ್ಳುವವರ ಹಾಗೆ ನನ್ನ ಗಲ್ಲ ಹಿಡಿದೆತ್ತಿ, ಬಾಯಿ ತೆರೆಸಿ ಹಲ್ಲು ನೋಡಿದರು. ಮುಂದಿನ ಎರಡು ಹಾಲುಹಲ್ಲು ಆಗಷ್ಟೇ ಬಿದ್ದಿದ್ದವು.

"ಇದ್ಕೆ ಎಂಟು ತುಂಬಿಲ್ಲ ಕಣ್ರಿ," ಎಂದರು. "ಎಂಟರೊಳಗಿನ ಮಗೀಗೆ ತಾಳಿ ಕಟ್ಟುದ್ರೆ ನಮ್ ಮೈಸೂರ್ ಸೀಮೇಲೂ ಕೇಸಾಯ್ತದೆ. ನನ್ ಪಟೇಲಿಕೆ ಓಯ್ತದೆ."

ಆಚೆಗೆ ಕಾನೂನೇ ಇಲ್ಲವೆಂದು ನಂಬಿದ್ದ ಅಪ್ಪನ ಮುಖ ಸಪ್ಪಗಾಯಿತು. ಆಮೇಲೆ ಅಕ್ಕನೂ ಬಾಯಿ ತೆರೆದಳು. ಅವಳ ಹಲ್ಲುಗಳು ಸಾಲಾಗಿ, ಬೆಳ್ಳಗೆ, ಚೆನ್ನಾಗಿದ್ದವು.

"ಇದು ನಡೀತದೆ," ಎಂದರು ಪಟೇಲರು.

ಅಕ್ಕನೊಬ್ಬಳ ಮದುವೆ ಆಯಿತು. ಮದುವೆಯಾದರೂ ಹುಡುಗಿ ದೊಡ್ಡವಳಾಗುವ ತನಕ ತವರಿನಲ್ಲಿರುವುದು ವಾಡಿಕೆ. ಆದರೆ ಆ ಮನೆಯಲ್ಲಿ ರೇಷ್ಮೆಹುಳು ಕೊನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಹಗಲೂ ರಾತ್ರಿ ಸೊಪ್ಪು ಕೇಳುತ್ತಿದ್ದವು. ಸೊಪ್ಪು ಬಿಡಿಸಲು ಕೈ ಬೇಕು, ಹುಡುಗಿ ಇಲ್ಲೇ ಇರಲಿ ಎಂದಳು ಅತ್ತೆ. ಅಪ್ಪ ಹೂಂ ಎಂದುಬಿಟ್ಟರು. ಅಕ್ಕ ಗಾಡಿಯ ಹಿಂದೆ ಓಡಿ ಬಂದು ಹಲಗೆ ಹಿಡಿದಳು.

"ನಾನೂ ಬತ್ತೀನಿ ಕಣಪ್ಪ."

ಅಪ್ಪ ಅವಳ ಬೆರಳುಗಳನ್ನು ಬಿಡಿಸಿ ಎತ್ತುಗಳನ್ನು ಹೊಡೆದರು. ನನ್ನ ಮಡಿಲಲ್ಲಿ ಅವಳ ಹುರಿಗಡಲೆ ಇತ್ತು. ನನಗೆ ತಿನ್ನಲಾಗಲಿಲ್ಲ.

ಅಕ್ಕ ದೊಡ್ಡವಳಾದ ಮರುವರ್ಷವೇ ಹೆರಿಗೆಯಲ್ಲಿ ತೀರಿಕೊಂಡಳು. ಅಪ್ಪ ಗೋಡೆಗೆ ಒರಗಿ ಅತ್ತರು. ನಾನು ಹತ್ತಿರ ಹೋಗಲಿಲ್ಲ. ಅವರನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಸತ್ತವರ ಬಗ್ಗೆ ಹಾಗನ್ನಬಾರದು ಎಂದು ನೀವು ಮಕ್ಕಳು ಹೇಳಿದರೂ ಅಷ್ಟೇ.

ನಿಮಗೆ ಹಲ್ಲು ಬಿದ್ದರೆ ಮನೆ ಮೇಲೆ ಎಸೆದು ಕುಣಿಯುತ್ತೀರಿ. ಈಗ ಹುಡುಗಿಗೆ ಹದಿನೆಂಟು ತುಂಬಬೇಕು, ಯಾವ ಗಡಿ ದಾಟಿದರೂ ಅದೇ ಕಾನೂನು. ಆದರೂ ಕದ್ದು ಗಾಡಿ ಹತ್ತಿಸುವ ಅಪ್ಪಂದಿರು ಇನ್ನೂ ಇದ್ದಾರೆ. ನಿಮ್ಮ ತರಗತಿಯ ಹುಡುಗಿ ಇದ್ದಕ್ಕಿದ್ದಂತೆ ಶಾಲೆಗೆ ಬರದಿದ್ದರೆ ಮೇಷ್ಟ್ರಿಗೆ ಹೇಳಿ, ಅವಳ ಮನೆಗೆ ಹೋಗಿ ಅವಳನ್ನೇ ಕೇಳಿ. ಅಂದು ನಮ್ಮ ಅಕ್ಕ ಬಾಯಿ ತೆರೆದಾಗ ಎಲ್ಲರೂ ಹಲ್ಲು ನೋಡಿದರು. ನಿನಗೇನು ಬೇಕು ಮಗಳೇ ಎಂದು ಒಬ್ಬರೂ ಕೇಳಲಿಲ್ಲ.