ಮಿತಿಯಕ್ಕ
ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಆಸ್ಪತ್ರೆಯ ಸರ್ವರ್ ಕೋಣೆಯಲ್ಲಿ, ಸರ್ವರ್ ನೋಡಿಕೊಳ್ಳುವ ಮಿತಿಯಕ್ಕ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ರಕ್ತಪರೀಕ್ಷೆಯ ವರದಿಗಳು ನಿಂತುಹೋಗಿದ್ದವು, ಮೇಲಿನ ಮಹಡಿಯಲ್ಲಿ ಶಸ್ತ್ರಚಿಕಿತ್ಸೆಗೆ ಮಲಗಿಸಿದ್ದವರೊಬ್ಬರ ವರದಿಯೂ ಅದರಲ್ಲಿತ್ತು. ಕೈಕಾಲು ಬಿಡುವುದು ಅಕ್ಕನ ಜಾಯಮಾನವಲ್ಲ. "ಮೆಮೊರಿ ಖಾಲಿ ಇದೆ, ಡಿಸ್ಕ್ ಖಾಲಿ ಇದೆ, ಇನ್ನೇನು ರೋಗ ಇದಕ್ಕೆ?" ಎಂದು ಲ್ಯಾಬಿನವನು ಗೊಣಗಿದರೆ, "ಮನೆ ದೊಡ್ಡದಿದ್ರೂ ಒಬ್ಬೊಬ್ಬರಿಗೆ ಇಷ್ಟೇ ಜಾಗ ಅಂತ ಇರುತ್ತಪ್ಪ" ಎನ್ನುತ್ತಾರೆ. ಒಬ್ಬ ಬಳಕೆದಾರನ ಹೆಸರಿನಲ್ಲಿ ಒಮ್ಮೆಗೆ ಎಷ್ಟು ಪ್ರೋಸೆಸ್ ಓಡಬಹುದೆಂಬ ಮಿತಿಯನ್ನೇ ಅವರು ಮೊದಲು ನೋಡುವುದು. ಅಡ್ಡಹೆಸರು ಬಂದದ್ದೂ ಹಾಗೆಯೇ. ಉಳಿದವರು ಪ್ರೋಸೆಸ್‌ಗಳನ್ನು ಎಣಿಸಿ, ಮೂವತ್ತೇ ಇವೆಯೆಂದು ಸುಮ್ಮನಾಗುತ್ತಾರೆ. ಅಕ್ಕ ಒಂದೊಂದರೊಳಗೆ ಬೇರೆ ಬೇರೆಯಾಗಿ ಓಡುವ ಎಳೆಗಳನ್ನೂ, ಅಂದರೆ ಥ್ರೆಡ್‌ಗಳನ್ನೂ, ಎಣಿಸುತ್ತಾರೆ: "ತಾಯಂದಿರನ್ನಷ್ಟೇ ಎಣಿಸಿದ್ರೆ ಹೇಗೆ? ಕಂಕುಳಲ್ಲಿರೋ ಮಕ್ಕಳೂ ಲೆಕ್ಕಕ್ಕೆ ಬರ್ತಾವೆ." ಮಿತಿ 4096 ಇತ್ತು, ಎಣಿಕೆಯೂ ಅಷ್ಟೇ ಬಂತು. ಅದನ್ನು ಎಂಟು ಸಾವಿರಕ್ಕೆ ಏರಿಸಿದರು, ವರದಿ ಮೇಲಕ್ಕೆ ಹೋಯಿತು. "ಮಿತಿನೇ ಕಿತ್ತು ಹಾಕಿ ಅಕ್ಕ, ಪೀಡೆ ತೊಲಗುತ್ತೆ" ಎಂದ ಲ್ಯಾಬಿನವನು. ಕೆಲಸಕ್ಕೆ ಸೇರಿದ ವರ್ಷ ಅಕ್ಕ ಅದನ್ನೇ ಮಾಡಿದ್ದರು. ಒಂದು ಪ್ರೋಗ್ರಾಂ ತನ್ನನ್ನೇ ಮತ್ತೆ ಮತ್ತೆ ಹೆತ್ತು ಸರ್ವರನ್ನು ತುಂಬಿತು. ಒಳಗೆ ಹೋಗಲು ಅಕ್ಕನಿಗೂ ದಾರಿ ಉಳಿಯಲಿಲ್ಲ. ಆ ದಿನ ರೋಗಿಯೊಬ್ಬರು ವರದಿ ಬರುವ ಮುಂಚೆಯೇ ತೀರಿಕೊಂಡರು. ವಿಚಾರಣೆಯಲ್ಲಿ ಎಲ್ಲರೂ ತಪ್ಪನ್ನು ಯಂತ್ರದ ಮೇಲೆ ಹಾಕಿ ಕೈತೊಳೆದುಕೊಂಡಾಗ, ಸತ್ತವರ ಮಗಳ ಎದುರು ಅಕ್ಕ ಎದ್ದುನಿಂತು ಹೇಳಿದ್ದರು: "ಮಿತಿ ತೆಗೆದವಳು ನಾನಮ್ಮ. ವರದಿ ತಡ ಆಗಿದ್ದು ಇಪ್ಪತ್ಮೂರು ನಿಮಿಷ."