ಬೀರಕ್ಕನ ಗಾಡಿ, ಓಬಣ್ಣನ ಹೆಸರು

ಬೆಳಗಿನ ಐದೂವರೆ. ಹಿಂದೂಪುರದ ಹುಣಸೆ ಮಂಡಿಯ ಹಿಂದಿನ ಗಲ್ಲಿಯಲ್ಲಿ ಒಂದು ಹಳೆಯ ಸ್ಕೂಟರ್ ಬಂದು ನಿಲ್ಲುತ್ತದೆ. ಹಿಂದಿನ ಸೀಟಿಗೆ ರಬ್ಬರಿನಿಂದ ಬಿಗಿದ ಐಸ್ ಡಬ್ಬ.

"ಬಂದ್ಲಪ್ಪ ರಕ್ತ ಕುಡಿಯೋಳು! ಬೇಗ ಚುಚ್ಚಮ್ಮ, ಕಾಫಿ ಇಲ್ದೆ ತಲೆ ಸಿಡೀತೈತೆ" ಎನ್ನುತ್ತ ನಾರಮ್ಮಜ್ಜಿ ತೋಳು ಚಾಚುತ್ತಾರೆ.

"ನಿನ್ನ ಮೈಯಾಗೆ ರಕ್ತ ಎಲ್ಲೈತಜ್ಜಿ, ಬರೀ ಸಕ್ಕರೆ!" ಎನ್ನುತ್ತಾರೆ ಸ್ಕೂಟರಿನಿಂದ ಇಳಿದ ಬೀರಕ್ಕ.

ಬೀರಕ್ಕನಿಗೆ ನಲವತ್ತಾರು. ಹುಟ್ಟೂರು ಬೆಳುಗುಪ್ಪ, ಕೆಲಸ ಕಲಿತದ್ದು ಕಲ್ಯಾಣದುರ್ಗದ ನರ್ಸಿಂಗ್ ಹೋಮಿನಲ್ಲಿ. ಈಗ ಎರಡು ಖಾಸಗಿ ಲ್ಯಾಬುಗಳಿಗೆ ಮನೆಮನೆಯಿಂದ ರಕ್ತದ ಸ್ಯಾಂಪಲ್ ತಂದುಕೊಡುತ್ತಾರೆ. ಎಂಟರೊಳಗೆ ಊರಿನ ಹನ್ನೆರಡು ಮನೆ, ಆಮೇಲೆ ಚಿಲಮತ್ತೂರು. ದಿನಕ್ಕೆ ಅರವತ್ತು ಕಿಲೋಮೀಟರ್. ಒಮ್ಮೆ ಲಾರಿಗೆ ದಾರಿ ಬಿಡಲು ಹೋಗಿ ಬಿದ್ದರು. ಮಣಿಕಟ್ಟು ಮುರಿಯಿತು, ರಕ್ತದ ಒಂದು ಟ್ಯೂಬೂ ಒಡೆಯಲಿಲ್ಲ.

ಲ್ಯಾಬುಗಳು ಗಾಡಿ ಕೊಡುವುದಿಲ್ಲ, ಪೆಟ್ರೋಲೂ ಕೊಡುವುದಿಲ್ಲ. ಕಮಿಷನ್ನಿನಲ್ಲಿ ತೆರಿಗೆಯನ್ನು ಮಾತ್ರ ಮೊದಲೇ ಹಿಡಿದುಕೊಳ್ಳುತ್ತವೆ. ದುಡಿಮೆಗೆ ಓಡಿಸಿದ ಗಾಡಿಯ ಖರ್ಚನ್ನು ಕಳೆದು ರಿಟರ್ನ್ಸ್ ಹಾಕಿದರೆ ಒಂದಿಷ್ಟು ವಾಪಸ್ ಬರುತ್ತದೆಂದು ಯಾರೋ ಹೇಳಿದರು. ಅಂದಿನಿಂದ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿದಿನದ ಕಿಲೋಮೀಟರ್ ಬರೆದಿದ್ದಾರೆ. ಕೆಲಸದ್ದು ನೀಲಿ ಇಂಕು, ಸ್ವಂತದ್ದು ಕೆಂಪು. ಕಲ್ಯಾಣದುರ್ಗದ ತಂಗಿ ಮನೆಗೆ ಹೋದ ಎರಡು ದಿನವೂ ಕೆಂಪಗಿವೆ. "ಸುಳ್ಳು ಯಾಕೆ ಬರೀಲಿ ಕಣಮ್ಮ?"

ಕಳೆದ ಜುಲೈನಲ್ಲಿ ಆ ಕ್ಯಾಲೆಂಡರನ್ನು ಸುತ್ತಿಕೊಂಡು, ಪೆಟ್ರೋಲಿನ ಬಿಲ್ಲುಗಳನ್ನೂ ಹಿಡಿದು, ತೆರಿಗೆ ಕಾಗದ ಮಾಡುವ ಈಶ್ವರ್ ಎಂಬಾತನ ಬಳಿ ಹೋದರು. ಆತ ಕೇಳಿದ್ದು ಗಾಡಿಯ ಆರ್‌ಸಿ. ನೋಡಿದವನೇ ವಾಹನದ ಖರ್ಚಿಗೆ ಅಡ್ಡಗೆರೆ ಎಳೆದ. "ಅದಿ ಕಾದಮ್ಮಾ, ಅದಾಗಲ್ಲ, ಗಾಡಿ ನಿಂದಲ್ಲ, ನಿನ್ನ ಯಜಮಾನಂದು."

ಪೆಟ್ರೋಲಿನ ಬಿಲ್ಲುಗಳನ್ನಾದರೂ ನೋಡಬಹುದಿತ್ತು. ಅವನ್ನು ಮುಟ್ಟಲೂ ಇಲ್ಲ.

ಯಜಮಾನ ಓಬಣ್ಣ ಮಂಡಿಯಲ್ಲಿ ಹುಣಸೆ ತೂಗುತ್ತಾರೆ. ಸ್ಕೂಟರ್ ಓಡಿಸಲು ಅವರಿಗೆ ಬರುವುದೇ ಇಲ್ಲ. "ಸ್ಟ್ಯಾಂಡ್ ತೆಗೆಯಕ್ಕೂ ಭಯ ನಂಗೆ, ನನ್ ಗಾಡಿಯಂತೆ!"

ಗಾಡಿ ಕೊಂಡ ದಿನ ಬೀರಕ್ಕ ತಮ್ಮ ಚೀಟಿ ದುಡ್ಡನ್ನು ಮಡಿಲಲ್ಲಿಟ್ಟುಕೊಂಡು ಶೋರೂಮಿನಲ್ಲೇ ಕೂತಿದ್ದರು. ಗುಮಾಸ್ತ ಅವರತ್ತ ತಿರುಗದೆ "ಯಜಮಾನರ ಆಧಾರ್ ಕೊಡಿ" ಎಂದ. "ನಾನೂ ಕೊಟ್ಬುಟ್ಟೆ. ಅಂಗೇ ಬರೀತಾರೇನೋ ಅಂದ್ಕಂಡೆ. ನಂದೂ ತಪ್ಪೈತೆ."

ಇಲ್ಲ, ಅವರದು ತಪ್ಪಲ್ಲ. ನಮ್ಮಜ್ಜಿಯ ಕತೆಗಳಲ್ಲಿ ಏಳು ಬೆಟ್ಟ ದಾಟಿದ ರಾಜಕುಮಾರಿಯನ್ನು ಕುದುರೆ ಯಾರ ಹೆಸರಿನಲ್ಲಿದೆ ಎಂದು ಯಾವ ರಾಕ್ಷಸನೂ ಕೇಳಲಿಲ್ಲ. ರಾಕ್ಷಸರಿಗೂ ಇಲ್ಲದ ಈ ಸಂಶಯ ನಮ್ಮ ಶೋರೂಮಿನವರಿಗೆ, ಲೆಕ್ಕದವರಿಗೆ ಎಲ್ಲಿಂದ ಬಂತು? ಹನ್ನೊಂದು ವರ್ಷ ಆ ಹ್ಯಾಂಡಲ್ ಹಿಡಿದ ಕೈ ಯಾರದೆಂದು ಊರಿಗೇ ಗೊತ್ತು. ಕಾಗದಕ್ಕೆ ಮಾತ್ರ ಗೊತ್ತಿಲ್ಲ.

ಗಾಡಿಯನ್ನು ಹೆಂಡತಿಯ ಹೆಸರಿಗೆ ಮಾಡುವ ಅರ್ಜಿಗೆ ಓಬಣ್ಣ ಮೊನ್ನೆ ಸಹಿ ಹಾಕಿದ್ದಾರೆ. "ಆಮೇಲೂ ಹಿಂದ್ಗಡೆ ಕೂರುಸ್ಕಂತೀಯ ತಾನೇ?" ಎಂದು ಕೇಳಿ ಬೈಸಿಕೊಂಡಿದ್ದೂ ಆಗಿದೆ.

ಹೋದ ವರ್ಷದ ದುಡ್ಡಿನ ಆಸೆಯನ್ನು ಬೀರಕ್ಕ ಬಿಟ್ಟಿದ್ದಾರೆ. ಡಬ್ಬದ ರಬ್ಬರ್ ಬಿಗಿಯುತ್ತ ಹೇಳುತ್ತಾರೆ: "ಬರೋ ಜುಲೈಗೆ ಹೊಸ ಆರ್‌ಸಿ ತಕಂಡೋಯ್ತೀನಿ. ಆ ಈಶ್ವರ್ ಸಾರ್ ಟೇಬಲ್ ಮ್ಯಾಲೆ ಇಕ್ತೀನಿ. ಹೆಸರು ಓದಿ ಸಾರ್ ಅಂತೀನಿ. ಜೋರಾಗಿ ಓದಿ ಅಂತೀನಿ."