ಮಾದರಿ ಹೃದಯ

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಎಕೋ ಅಕ್ಕ. ಇಪ್ಪತ್ತೆರಡು ವರ್ಷದಿಂದ ಮಬ್ಬು ಕೋಣೆಯಲ್ಲಿ ಕೂತು, ಜನರ ಎದೆಗೆ ತಣ್ಣನೆಯ ಜೆಲ್ ಸವರಿ, ಪರದೆಯ ಮೇಲೆ ಅವರ ಹೃದಯವನ್ನು ಅಳೆಯುತ್ತ ಬಂದವಳು. ಹೊಸದಾಗಿ ಕಲಿಯಲು ಬಂದವರಿಗೆ ಮೊದಲ ಪಾಠ ಅವಳ ಎದೆಯ ಮೇಲೆಯೇ. "ಇದು ಚೆನ್ನಾಗಿರೋ ಹೃದಯ, ಕಣ್ಣಲ್ಲಿ ತುಂಬ್ಕೊಳ್ಳಿ" ಎಂದು ತಾನೇ ಮಲಗಿಬಿಡುತ್ತಿದ್ದಳು.

ಐದಾರು ವರ್ಷದಿಂದ ಸುಸ್ತು. ಎಂಥ ಸುಸ್ತು ಅಂತೀರಿ! ಮೆಟ್ಟಿಲು ಕಂಡರೆ ಕಾಲು ಸೋಲುತ್ತಿತ್ತು, ಹತ್ತಿದರೆ ಏದುಸಿರು. ಮೂಳೆಮೂಳೆಯೂ ನೋವು, ಎಷ್ಟು ನೀರು ಕುಡಿದರೂ ಬಾಯಾರಿಕೆ. "ಸೋಫಾದಲ್ಲೇ ಬೇರು ಬಿಟ್ಯಲ್ಲೇ" ಎಂದು ಗಂಡ ಕಾಲೆಳೆದರೆ ಅವಳೂ ನಗುತ್ತಿದ್ದಳು. ಆಮೇಲೆ ಬಚ್ಚಲಲ್ಲಿ ನಿಂತು, ಮೈಗಳ್ಳಿ, ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಹೃದಯದ ಮೇಲೆ ಅನುಮಾನವೇ ಬರಲಿಲ್ಲ. ಕಲಿಯುವವರು ಚಿತ್ರ ಹಿಡಿಯುತ್ತಿದ್ದರೇ ಹೊರತು ಯಾರೂ ಅಳೆಯುತ್ತಿರಲಿಲ್ಲ. ಚೆನ್ನಾಗಿದೆ ಎಂದು ಅಕ್ಕನೇ ಹೇಳಿದ ಮೇಲೆ ಅಳೆಯುವುದೇನು ಬಂತು?

ಹೊಸ ಯಂತ್ರ ಬಂದ ದಿನ, ಅದನ್ನು ಪರೀಕ್ಷಿಸಲೆಂದು ಹೃದಯದ ಡಾಕ್ಟರು ಅವಳನ್ನೇ ಮಲಗಿಸಿ ಅಳೆದರು. ಎರಡು ಸಲ ಅಳೆದರು.

"ಅಕ್ಕಾ, ಹೃದಯದ ಗೋಡೆ ದಪ್ಪ ಆಗಿದೆ. ಹೃದಯ ಹಿಂಡೋದು ಹಿಂಡುತ್ತೆ, ಆದ್ರೆ ಸರಿಯಾಗಿ ಸಡಿಲ ಆಗ್ತಿಲ್ಲ."

ಸಾಮಾನ್ಯವಾಗಿ ಗೋಡೆ ದಪ್ಪವಾಗುವುದು ಬಿಪಿಯಿಂದ; ಅವಳಿಗೆ ಬಿಪಿ ಇರಲಿಲ್ಲ. ರಕ್ತ ನೋಡಿದರೆ ಕ್ಯಾಲ್ಸಿಯಂ ವಿಪರೀತ. ಕತ್ತಿನಲ್ಲಿ ಅಕ್ಕಿಕಾಳಿನಷ್ಟು ಇರಬೇಕಾದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಲ್ಲಿ ಒಂದು ಕಡಲೆಬೀಜದಷ್ಟು ಊದಿ, ಮೂಳೆಯ ಸುಣ್ಣವನ್ನೆಲ್ಲ ರಕ್ತಕ್ಕೆ ಸುರಿಯುತ್ತಿತ್ತು. ಸುಸ್ತು, ನೋವು, ಹೃದಯದ ದಪ್ಪ, ಎಲ್ಲಕ್ಕೂ ಅದೇ ಮೂಲ. ಕತ್ತು ಕುಯ್ದು ಅದನ್ನು ತೆಗೆದರು. ವಾರದೊಳಗೆ ಕ್ಯಾಲ್ಸಿಯಂ ಹದಕ್ಕೆ ಬಂತು.

"ಹೃದಯ, ಸಾರ್?"

"ಕೆಲವರದ್ದು ಸುಧಾರಿಸುತ್ತೆ, ಕೆಲವರದ್ದು ಇಲ್ಲ. ಆರು ತಿಂಗಳು ಬಿಟ್ಟು ನೋಡೋಣ."

ಆ ಆರು ತಿಂಗಳು ಅವಳು ಬೇಡಿಕೊಂಡದ್ದು ಒಂದೇ: ಹೃದಯ ಮೊದಲಿನಂತಾಗಲಿ. ಬಾಯಾರಿಕೆ ಹೋಯಿತು, ನೋವು ತಗ್ಗಿತು. ಮೆಟ್ಟಿಲಲ್ಲಿ ಏದುಸಿರು ಮಾತ್ರ ಹಾಗೇ ಉಳಿಯಿತು.

ಕೊನೆಗೆ ಮತ್ತೆ ಅದೇ ಮಂಚದ ಮೇಲೆ ಮಲಗಿದಳು. ಡಾಕ್ಟರು ಅಳೆದು, "ಸ್ವಲ್ಪ ಪರವಾಗಿಲ್ಲ" ಎಂದರು.

"ಅಂಕಿ ಓದಕ್ಕೆ ನಂಗೂ ಬರುತ್ತೆ ಸಾರ್." ಗೋಡೆ ಹಾಗೇ ಇತ್ತು. ಸಡಿಲವಾಗುವುದು ಕೂದಲೆಳೆಯಷ್ಟು ಮೇಲು, ಅಷ್ಟೇ. ಅವಳಿಗೆ ಅಳು ಉಕ್ಕಿ ಬಂತು. "ಐದು ವರ್ಷದ ಹಿಂದೆನೇ ಅಳೆದಿದ್ರೆ?"

ಡಾಕ್ಟರು ಪರದೆಯನ್ನೇ ನೋಡುತ್ತ ಕೂತರು. ಇದೇ ಪ್ರಶ್ನೆಯನ್ನು ಇದೇ ಮಂಚದ ಮೇಲಿಂದ ಎಷ್ಟು ಜನ ಅವಳನ್ನು ಕೇಳಿದ್ದರೋ, ಲೆಕ್ಕವಿಲ್ಲ. ಅವಳೂ ಹೀಗೆಯೇ ಪರದೆ ನೋಡಿಕೊಂಡು ಕೂತಿರುತ್ತಿದ್ದಳು.

"ಹೋಗ್ಲಿ ಬಿಡಿ ಸಾರ್" ಎಂದು ಕೊನೆಗೆ ಅವಳೇ ಅವರನ್ನು ಸಮಾಧಾನ ಮಾಡಿದಳು.